ಒಂದೇ ಊರು, ಒಂದೇ ಹೈಸ್ಕೂಲು: ಟೆಕ್ಸಸ್‌ನ ಅಲೆನ್ ಪ್ರಕರಣ

ಡಲ್ಲಾಸಿನಿಂದ 75ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 25 ಮೈಲಿ ಹೋದರೆ ಅಲೆನ್ ಸಿಗುತ್ತದೆ. 2010ರ ಜನಗಣತಿಯಲ್ಲಿ ಇಲ್ಲಿ 84 ಸಾವಿರ ಜನರಿದ್ದರು. 2020ರ ಹೊತ್ತಿಗೆ ಲಕ್ಷ ದಾಟಿತು. ಪ್ಲೇನೋ, ಫ್ರಿಸ್ಕೋ, ಮೆಕಿನಿಗಳಂತೆ ಇದೂ ಕಾಲಿನ್ ಕೌಂಟಿಯ ಊರು. ಐಟಿ ಕೆಲಸ ಹಿಡಿದು ಹೋಗಿ ನೆಲೆಸಿದ ಕನ್ನಡದ ಮನೆಗಳು ಈ ಸಾಲಿನ ಊರುಗಳಲ್ಲೆಲ್ಲ ಇವೆ. ಅಲ್ಲಿ ಮನೆ ನೋಡಲು ಹೋದವರು ಅಡುಗೆಮನೆಗೆ ಕಾಲಿಡುವ ಮೊದಲೇ ಕೇಳುವ ಪ್ರಶ್ನೆ, ‘ಇದು ಯಾವ ಶಾಲಾ ಜಿಲ್ಲೆಗೆ ಬರುತ್ತೆ?’ ಎಂಬುದು. ಶಾಲಾ ಜಿಲ್ಲೆ ಎಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ, ಅದಕ್ಕೆ ತೆರಿಗೆ ಹಾಕುವ ಸಂಸ್ಥೆ. ಅಲೆನ್‌ನಲ್ಲಿ ಈ ಪ್ರಶ್ನೆ ಕೇಳಲೇಬೇಕು. ಊರಿನ ಗಡಿ ಬೇರೆ, ಶಾಲಾ ಜಿಲ್ಲೆಯ ಗಡಿ ಬೇರೆ. ವಿಳಾಸದಲ್ಲಿ ಅಲೆನ್ ಎಂದಿದ್ದೂ ಪ್ಲೇನೋ ಅಥವಾ ಲವ್‌ಜಾಯ್ ಶಾಲಾ ಜಿಲ್ಲೆಗೆ ಸೇರುವ ಬೀದಿಗಳಿವೆ.

ಅಲೆನ್ ಶಾಲಾ ಜಿಲ್ಲೆಗೆ ಇರುವುದು ಒಂದೇ ಹೈಸ್ಕೂಲು. 9ನೇ ತರಗತಿಯವರು ಲೌರಿ ಫ್ರೆಶ್‌ಮನ್ ಸೆಂಟರ್ ಎಂಬ ಪ್ರತ್ಯೇಕ ಕಟ್ಟಡದಲ್ಲಿ ಓದುತ್ತಾರೆ. 10ರಿಂದ 12ರವರೆಗಿನವರು 1999ರಲ್ಲಿ ತೆರೆದ ದೊಡ್ಡ ಕಟ್ಟಡದಲ್ಲಿ. ನಾಲ್ಕೂ ತರಗತಿ ಸೇರಿಸಿದರೆ 6 ಸಾವಿರ ದಾಟುವ ಮಕ್ಕಳು. ಊರು ಬೆಳೆದಂತೆ ಎರಡನೆಯದು, ಮೂರನೆಯದು ಎಂದು ಹೈಸ್ಕೂಲು ಕಟ್ಟುವುದು ಆ ಸೀಮೆಯ ವಾಡಿಕೆ. ಅಲೆನ್ ಹಾಗೆ ಮಾಡಲಿಲ್ಲ. ಊರಿನ ಅಷ್ಟೂ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದರೆ ಓದಿಗೇನಾಗುತ್ತದೆ, ಬ್ಯಾಂಡಿಗೇನಾಗುತ್ತದೆ, ಆಟಕ್ಕೇನಾಗುತ್ತದೆ, ಕೊನೆಗೆ ಕಾಂಕ್ರೀಟಿಗೇನಾಗುತ್ತದೆ ಎಂಬುದೇ ಈ ಪ್ರಕರಣ.

ಆರು ಕೋಟಿ ಡಾಲರ್ ಎಲ್ಲಿಂದ ಬಂತು

ಅಲೆನ್ ಹೆಸರು ಅಮೆರಿಕದಾಚೆಗೂ ಕೇಳಿಸಿದ್ದು ಈ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಮೈದಾನವಾದ ಈಗಲ್ ಸ್ಟೇಡಿಯಂನಿಂದ. ಆಸನ 18 ಸಾವಿರ, ಖರ್ಚು ಸುಮಾರು 6 ಕೋಟಿ ಡಾಲರ್, ತೆರೆದದ್ದು 2012ರ ಆಗಸ್ಟ್. ಒಂದು ಆಸನಕ್ಕೆ 3,300 ಡಾಲರ್‌ಗೂ ಹೆಚ್ಚು. ‘ಮೇಷ್ಟ್ರುಗಳ ಸಂಬಳ ಏರಿಸಲು ದುಡ್ಡಿಲ್ಲ, ಆಟಕ್ಕೆ ಮಾತ್ರ ಇದೆಯೇ?’ ಎಂದು ಆಗ ಎಲ್ಲರೂ ಕೇಳಿದರು. ಕೇಳಬೇಕಾದ್ದೇ. ಆದರೆ ಉತ್ತರ ತಿಳಿಯಲು ಟೆಕ್ಸಸ್‌ನ ಶಾಲಾ ತೆರಿಗೆ ಹೇಗೆ ನಡೆಯುತ್ತದೆಂದು ನೋಡಬೇಕು.

ಅಲ್ಲಿ ಶಾಲಾ ಜಿಲ್ಲೆ ಮನೆ-ಜಮೀನಿನ ಮೇಲೆ ಎರಡು ಬಗೆಯ ತೆರಿಗೆ ಹಾಕುತ್ತದೆ. ಒಂದು ನಿರ್ವಹಣೆಯದು: ಸಂಬಳ, ವಿದ್ಯುತ್, ಬಸ್ಸಿನ ಡೀಸೆಲ್ ಇದರಲ್ಲಿ. ಇನ್ನೊಂದು ಸಾಲ ತೀರಿಸುವುದು: ಕಟ್ಟಡಕ್ಕೆಂದು ಜನರ ಮತ ಪಡೆದು ಮಾರಿದ ಬಾಂಡ್‌ಗಳ ಅಸಲು-ಬಡ್ಡಿ ಮಾತ್ರ ಇದರಲ್ಲಿ. ಎರಡನೆಯ ಡಬ್ಬಿಯ ದುಡ್ಡನ್ನು ಮೊದಲನೆಯದಕ್ಕೆ ಸುರಿಯುವಂತಿಲ್ಲ. ಹೊಸ ಬಾಂಡ್ ಮಾರುವ ಮುಂಚೆ, 100 ಡಾಲರ್ ಆಸ್ತಿ ಮೌಲ್ಯಕ್ಕೆ 50 ಸೆಂಟ್ ಮೀರದ ತೆರಿಗೆಯಲ್ಲೇ ಸಾಲ ತೀರಿಸಬಲ್ಲೆವು ಎಂದು ಜಿಲ್ಲೆ ತೋರಿಸಿಕೊಡಬೇಕು. ತೆರಿಗೆ ಕಟ್ಟಬೇಕಾದ ಮೌಲ್ಯ 3 ಲಕ್ಷ ಡಾಲರ್ ಇರುವ ಮನೆಗೆ ಆ 50 ಸೆಂಟ್ ಎಂದರೆ ವರ್ಷಕ್ಕೆ 1,500 ಡಾಲರ್.

ಇದರ ಜೊತೆಗೆ 1993ರಿಂದ ಇನ್ನೊಂದು ಕಾನೂನಿದೆ. ಆಸ್ತಿಯಲ್ಲಿ ಸಿರಿವಂತವಾದ ಜಿಲ್ಲೆಯ ನಿರ್ವಹಣಾ ತೆರಿಗೆಯಲ್ಲಿ ಒಂದು ಪಾಲನ್ನು ರಾಜ್ಯ ಹಿಡಿದು ಬಡ ಜಿಲ್ಲೆಗಳಿಗೆ ಕೊಡುತ್ತದೆ. ಜನ ಇದನ್ನು ‘ರಾಬಿನ್ ಹುಡ್’ ಎನ್ನುತ್ತಾರೆ. ಬಾಂಡಿನ ತೆರಿಗೆಗೆ ಈ ಕೈ ಚಾಚುವುದಿಲ್ಲ. ಹೀಗಾಗಿ ಪಾಠಕ್ಕೆ ಕೊಟ್ಟ ಡಾಲರಿನಲ್ಲಿ ಒಂದಷ್ಟು ಊರು ಬಿಟ್ಟು ಹೋಗಬಹುದು, ಕಟ್ಟಡಕ್ಕೆ ಕೊಟ್ಟದ್ದು ಪೂರ್ತಿ ಊರಲ್ಲೇ ಉಳಿಯುತ್ತದೆ. ಕ್ರೀಡಾಂಗಣಗಳ ಹುಚ್ಚು ಎಂದು ನಗುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ನೋಡಿರುವುದಿಲ್ಲ.

2009ರ ಮೇ ತಿಂಗಳಲ್ಲಿ ಅಲೆನ್ ಮತದಾರರು ಸುಮಾರು 11.9 ಕೋಟಿ ಡಾಲರಿನ ಬಾಂಡಿಗೆ ಶೇ. 60ಕ್ಕೂ ಹೆಚ್ಚು ಮತ ಕೊಟ್ಟರು. ಅದರಲ್ಲಿ ಸ್ಟೇಡಿಯಂ ಒಂದು ಭಾಗ. ಪ್ರದರ್ಶನ ಕಲೆಗಳ ಸಭಾಂಗಣ, ಬಸ್ಸು-ಸರಬರಾಜಿನ ಕೇಂದ್ರ ಉಳಿದ ದೊಡ್ಡ ಭಾಗಗಳು. ಹೀಗೆ ಹಲವು ಕಟ್ಟಡಗಳನ್ನು ಒಂದೇ ಗಂಟು ಕಟ್ಟಿ ಮತ ಕೇಳುವುದಕ್ಕೆ ಆಗ ಅಡ್ಡಿ ಇರಲಿಲ್ಲ. 2019ರಲ್ಲಿ ಕಾನೂನು ಬದಲಾಯಿತು: ಸಾವಿರಕ್ಕಿಂತ ಹೆಚ್ಚು ಆಸನದ ಕ್ರೀಡಾಂಗಣವಿದ್ದರೆ ಮತಪತ್ರದಲ್ಲಿ ಅದಕ್ಕೇ ಒಂದು ಪ್ರತ್ಯೇಕ ಸಾಲು ಇರಬೇಕು, ‘ಇದು ಆಸ್ತಿ ತೆರಿಗೆಯ ಏರಿಕೆ’ ಎಂಬ ವಾಕ್ಯವೂ ದೊಡ್ಡಕ್ಷರದಲ್ಲಿ ಇರಬೇಕು.

ಹಳೆಯ ಮೈದಾನದಲ್ಲಿ ಆಗುತ್ತಿದ್ದುದೇನು? ಅದು 1976ರದು. ಕಾಯಂ ಆಸನ ಸುಮಾರು 7 ಸಾವಿರ. ಬರುವ ಜನ ಅದರ ಎರಡರಷ್ಟು. ಪ್ರತಿ ವರ್ಷ ಬಾಡಿಗೆಗೆ ತಾತ್ಕಾಲಿಕ ಮೆಟ್ಟಿಲಾಸನ ತಂದು ಜೋಡಿಸಬೇಕಾಗಿತ್ತು. ಆಟದ ರಾತ್ರಿ ಬ್ಯಾಂಡಿನ ಮಕ್ಕಳೇ ಒಂದು ಪೂರ್ತಿ ಮಗ್ಗುಲನ್ನು ತುಂಬಿಬಿಡುತ್ತಿದ್ದರು. ಶಾಲೆ ಒಂದೇ ಎಂದು ತೀರ್ಮಾನಿಸಿದ ದಿನವೇ ಇಷ್ಟು ದೊಡ್ಡ ಮೈದಾನ ಬೇಕಾಗುತ್ತದೆಂದೂ ತೀರ್ಮಾನವಾದಂತೆ.

ಬಿರುಕು

ಮೊದಲ ಪಂದ್ಯ 2012ರ ಆಗಸ್ಟ್ 31ರಂದು, ಸೌತ್‌ಲೇಕ್ ಕ್ಯಾರಲ್ ವಿರುದ್ಧ. ಅಲೆನ್ 24–0ರಿಂದ ಗೆದ್ದಿತು. ಅಲ್ಲಿಂದ 18 ತಿಂಗಳು ಕಳೆಯುವಷ್ಟರಲ್ಲಿ, 2014ರ ಫೆಬ್ರುವರಿಯಲ್ಲಿ ಸ್ಟೇಡಿಯಂ ಬಾಗಿಲು ಹಾಕಿತು. ಜನ ಓಡಾಡುವ ಮೇಲ್ಮಟ್ಟದ ಹಜಾರದ ಕಾಂಕ್ರೀಟಿನಲ್ಲಿ ಬಿರುಕುಗಳು ಕಂಡಿದ್ದವು.

ಕಾಂಕ್ರೀಟು ಬಿರಿಯುವುದೇ ಒಂದು ಸುದ್ದಿಯಲ್ಲ. ಕ್ಯೂರಿಂಗ್ ಮುಗಿದು ನೀರು ಆರುವಾಗ ಅದು ಕುಗ್ಗುತ್ತದೆ, ಕುಗ್ಗಿದಾಗ ಕೂದಲೆಳೆಯ ಗೆರೆ ಬೀಳುತ್ತದೆ. ಇಲ್ಲೂ ಮೊದಲಿಗೆ ಹಾಗೇ ಅಂದುಕೊಂಡರು. ಆದರೆ ಕೂದಲೆಳೆ ಎಂದರೆ 0.3 ಮಿಲಿಮೀಟರಿನ ಆಸುಪಾಸು. ಅಲೆನ್‌ನಲ್ಲಿ ಅಳೆದ ಬಿರುಕುಗಳ ಅಗಲ ಕಾಲು ಇಂಚಿನಿಂದ ಮುಕ್ಕಾಲು ಇಂಚಿನವರೆಗೆ ಇತ್ತೆಂದು ಆಗ ವರದಿಯಾಯಿತು. ಎಂದರೆ 6ರಿಂದ 19 ಮಿಲಿಮೀಟರ್. ನಮ್ಮ ಕಡೆ ಮೇಸ್ತ್ರಿಯೂ ಇಂಥದ್ದನ್ನು ಕಂಡರೆ ‘ಸಿಮೆಂಟು ಬಳಿದುಬಿಡೋಣ’ ಎನ್ನುವುದಿಲ್ಲ.

ಜಿಲ್ಲೆ ಹೊರಗಿನ ಎಂಜಿನಿಯರಿಂಗ್ ತನಿಖಾ ಸಂಸ್ಥೆಯನ್ನು ಕರೆಸಿತು. ಇಂಥ ತನಿಖೆಯ ಕ್ರಮ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಮೊದಲು ಪ್ರತಿ ಬಿರುಕನ್ನೂ ನಕ್ಷೆಯ ಮೇಲೆ ಗುರುತಿಸಿ ಅಗಲ ಬರೆದುಕೊಳ್ಳುತ್ತಾರೆ. ಗೆರೆಗಳು ಅಡ್ಡಾದಿಡ್ಡಿಯಾಗಿದ್ದರೆ ಕುಗ್ಗುವಿಕೆ. ತೊಲೆಯ ಮೇಲೋ ಕಂಬದ ಸುತ್ತಲೋ ಒಂದೇ ಸಾಲಿನಲ್ಲಿ ಬಂದಿದ್ದರೆ ಹೊರೆಯ ಬಿರುಕು. ಅಳತೆಪಟ್ಟಿ ಅಂಟಿಸಿ ಕೆಲವು ವಾರ ಬಿಟ್ಟು ಅದು ಬೆಳೆಯುತ್ತಿದೆಯೇ ನೋಡುತ್ತಾರೆ. ಒಳಗಿನ ಕಂಬಿ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಯಂತ್ರ ಹಿಡಿದು ಹುಡುಕುತ್ತಾರೆ, ಅಲ್ಲಲ್ಲಿ ಕಾಂಕ್ರೀಟಿನ ತುಂಡು ಕೊರೆದು ತೆಗೆದು ಒಡೆದು ನೋಡುತ್ತಾರೆ. ಇಷ್ಟಾದ ಮೇಲೆ ಮೂಲ ನಕ್ಷೆಗಳನ್ನು ಎದುರಿಗಿಟ್ಟುಕೊಂಡು ಹೊರೆಯ ಲೆಕ್ಕವನ್ನು ಹೊಸದಾಗಿ ಮಾಡುತ್ತಾರೆ. ತಪ್ಪು ಕಟ್ಟಿದವರದೋ ನಕ್ಷೆ ಮಾಡಿದವರದೋ ಎಂಬುದು ಈ ಕೊನೆಯ ಹೆಜ್ಜೆಯಲ್ಲೇ ಗೊತ್ತಾಗುವುದು.

ಅಲೆನ್‌ನಲ್ಲಿ ದೋಷ ವಿನ್ಯಾಸದಲ್ಲೇ ಇತ್ತು ಎಂದು ತಿಳಿಯಿತು. ಆ ಹಜಾರಕ್ಕೆ ಆಸರೆಯಾದ ಕೆಲವು ಭಾಗಗಳು ಹೊರಬೇಕಾದ ಭಾರಕ್ಕೆ ತಕ್ಕಂತೆ ಇರಲಿಲ್ಲ. ಜನ ಒತ್ತಾಗಿ ನಿಲ್ಲುವ ಇಂಥ ಜಾಗಕ್ಕೆ ಅಮೆರಿಕದಲ್ಲಿ ಲೆಕ್ಕ ಹಾಕುವುದು ಚದರಡಿಗೆ 100 ಪೌಂಡ್, ಎಂದರೆ ಚದರ ಮೀಟರಿಗೆ 4.8 ಕಿಲೋನ್ಯೂಟನ್. ನಮ್ಮ ಐಎಸ್ 875ರ ಎರಡನೆಯ ಭಾಗ ಕಾಯಂ ಆಸನವಿಲ್ಲದ ಸಭಾಸ್ಥಳಕ್ಕೆ ಹೇಳುವ 5 ಕಿಲೋನ್ಯೂಟನ್ನಿಗೆ ಅದು ಸರಿಸುಮಾರು ಸಮ. ಈ ಅಂಕಿ ಕಾಗದದ ಮೇಲೆ ಅತಿಯಾಯಿತು ಎನ್ನಿಸಬಹುದು, ಆದರೆ ವಿರಾಮದ ಹೊತ್ತಿನಲ್ಲಿ ಸಾವಿರಾರು ಜನ ಒಟ್ಟಿಗೆ ಎದ್ದು ತಿಂಡಿಯ ಕಿಟಕಿಗೂ ಶೌಚಾಲಯಕ್ಕೂ ಹೊರಟು ಆ ಹಜಾರದಲ್ಲೇ ಸಾಲು ನಿಲ್ಲುತ್ತಾರೆ. ಪೂರ್ತಿ ಭಾರ ಬೀಳುವುದು ಆಗಲೇ.

2014ರ ಮೇ ತಿಂಗಳಲ್ಲಿ ಆ ವರ್ಷದ ಆಟಗಳೂ ಇಲ್ಲಿ ನಡೆಯುವುದಿಲ್ಲ ಎಂಬ ಪ್ರಕಟಣೆ ಬಂತು. ದುರಸ್ತಿಯ ಖರ್ಚು ವಿನ್ಯಾಸ ಮಾಡಿದವರ ಮತ್ತು ಕಟ್ಟಿದವರ ಮೇಲೆ ಬಿತ್ತು, ಊರವರಿಗೆ ಮತ್ತೆ ತೆರಿಗೆ ಬೀಳಲಿಲ್ಲ. 2015ರಲ್ಲಿ ಸ್ಟೇಡಿಯಂ ಮರಳಿ ತೆರೆಯಿತು. ನಡುವಿನ ಋತುವನ್ನು ಅಲೆನ್ ತಂಡ ನೆರೆ ಜಿಲ್ಲೆಗಳ ಮೈದಾನ ಎರವಲು ಪಡೆದು ಆಡಿತು. 16ಕ್ಕೆ 16 ಪಂದ್ಯ ಗೆದ್ದು ಸತತ ಮೂರನೆಯ ವರ್ಷ ರಾಜ್ಯ ಪ್ರಶಸ್ತಿ ಹಿಡಿಯಿತು. ಆಗಿನ ಕ್ವಾರ್ಟರ್‌ಬ್ಯಾಕ್, ಎಂದರೆ ತಂಡದ ಆಕ್ರಮಣ ನಡೆಸುವ ಆಟಗಾರ, ಕೈಲರ್ ಮರ್ರಿ. ಅಲೆನ್ ಪರವಾಗಿ ಆತ ಮೊದಲಿನಿಂದ ಕಣಕ್ಕಿಳಿದ 42 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 2018ರಲ್ಲಿ ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ, 2019ರಲ್ಲಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. ಆರು ಕೋಟಿಯ ಮೈದಾನವಿಲ್ಲದ ವರ್ಷವೇ ತಂಡ ಒಂದನ್ನೂ ಸೋಲದೆ ಉಳಿಯಿತೆಂದರೆ, ಅದರ ಬಲ ಇದ್ದದ್ದು ಬೇರೆಲ್ಲೋ.

ಬಲ ಎಲ್ಲಿತ್ತು, ಯಾರಿಗೆ ಸಿಕ್ಕಿತು

ಟೆಕ್ಸಸ್‌ನ ಶಾಲಾ ಸ್ಪರ್ಧೆಗಳನ್ನು ನಡೆಸುವುದು ಯುಐಎಲ್. ಅದು ಶಾಲೆಗಳನ್ನು ಮಕ್ಕಳ ಸಂಖ್ಯೆಯಂತೆ ವರ್ಗ ಮಾಡುತ್ತದೆ. 2014ರಿಂದ ಎಲ್ಲಕ್ಕಿಂತ ಮೇಲಿನದು 6ಎ. ಕೆಳಗಿನ ವರ್ಗಗಳಿಗೆ ಮೇಲೂ ಕೆಳಗೂ ಮಿತಿ ಉಂಟು. 6ಎಗೆ ಕೆಳಗಿನ ಮಿತಿ ಮಾತ್ರ, ಅದು 2,200ರ ಆಸುಪಾಸು, ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೀಗಾಗಿ 2,300 ಮಕ್ಕಳ ಶಾಲೆಯೂ 6 ಸಾವಿರ ದಾಟಿದ ಶಾಲೆಯೂ ಒಂದೇ ಕಣದಲ್ಲಿ. ಮೂರು ಊರಿನಲ್ಲಿ ಹುಡುಕಿ ತಂದಷ್ಟು ಆಟಗಾರರು ಅಲೆನ್‌ಗೆ ಒಂದೇ ಛಾವಣಿಯಡಿ ಸಿಗುತ್ತಾರೆ. 2015ರ ಡಿಸೆಂಬರಿನಲ್ಲಿ ಸೆಮಿಫೈನಲ್ಲಿನಲ್ಲಿ ಆಸ್ಟಿನ್‌ನ ವೆಸ್ಟ್‌ಲೇಕ್ ಸೋಲಿಸುವ ತನಕ ಅಲೆನ್ ಸತತ 57 ಪಂದ್ಯ ಗೆದ್ದಿತ್ತು.

ಈಗ ಇದೇ ಲೆಕ್ಕವನ್ನು ಮಗುವಿನ ಕಡೆಯಿಂದ ಹಾಕೋಣ. ಈ ಫುಟ್‌ಬಾಲಿನಲ್ಲಿ ಒಂದು ತಂಡಕ್ಕೆ ಆಕ್ರಮಣಕ್ಕೆ 11, ರಕ್ಷಣೆಗೆ ಬೇರೆ 11. ಮೂರು ಹೈಸ್ಕೂಲಿದ್ದ ಊರಿನಲ್ಲಿ ಮುಖ್ಯ ತಂಡದಲ್ಲಿ 66 ಮಕ್ಕಳು ಆಟ ಆರಂಭಿಸುತ್ತಾರೆ, ಅಲೆನ್‌ನಲ್ಲಿ 22. ಬ್ಯಾಸ್ಕೆಟ್‌ಬಾಲಿನಲ್ಲಿ 15ರ ಜಾಗದಲ್ಲಿ 5. ಟೆನಿಸ್, ವಾಲಿಬಾಲ್, ಗಾಲ್ಫ್ ಎಲ್ಲಕ್ಕೂ ಇದೇ ಕಥೆ. ಬಾಲ್ಯದಿಂದ ಖಾಸಗಿ ಕೋಚಿಂಗ್ ಇಲ್ಲದ, ಸುಮ್ಮನೆ ಆಡುವ ಆಸೆಯಿರುವ 10ನೇ ತರಗತಿಯ ಹುಡುಗಿಗೆ ಇಂಥ ಶಾಲೆಯಲ್ಲಿ ವಾಲಿಬಾಲ್ ತಂಡ ಸೇರುವುದು ಬಹಳ ಕಷ್ಟ.

ಪಕ್ಕದ ಫ್ರಿಸ್ಕೋ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಹೈಸ್ಕೂಲಿಗೆ ಸುಮಾರು 2,100 ಮಕ್ಕಳೆಂದು ಮಿತಿ ಹಾಕಿಕೊಂಡು, ಊರು ಬೆಳೆದಂತೆ ಕಟ್ಟುತ್ತಾ 2022ರಲ್ಲಿ 12ನೆಯದನ್ನು ತೆರೆಯಿತು. ಉದ್ದೇಶ ಸ್ಪಷ್ಟವಾಗಿತ್ತು: ಹೆಚ್ಚು ಶಾಲೆ, ಹೆಚ್ಚು ತಂಡ, ಹೆಚ್ಚು ನಾಯಕರು. ಹೆಸರಾಂತ ತಂಡ ಬೇಕೆನ್ನುವ ಊರಿಗೆ ಅಲೆನ್ ದಾರಿ, ಆಡುವ ಮಕ್ಕಳು ಹೆಚ್ಚಾಗಲಿ ಎನ್ನುವ ಊರಿಗೆ ಫ್ರಿಸ್ಕೋ ದಾರಿ. ಆಟದ ಮಟ್ಟಿಗೆ ಫ್ರಿಸ್ಕೋ ಲೆಕ್ಕವೇ ಸರಿ ಎಂದು ನಮ್ಮ ಅಭಿಪ್ರಾಯ.

ಆದರೆ ಬ್ಯಾಂಡಿನ ಮಾತು ಬೇರೆ. ಫುಟ್‌ಬಾಲಿಗೆ 12ನೆಯವನನ್ನು ಇಳಿಸುವಂತಿಲ್ಲ, ಬ್ಯಾಂಡಿಗೆ ಇನ್ನೊಂದು ಸಾಲು ಸೇರಿಸಬಹುದು. ಅಲೆನ್‌ನ ‘ಈಗಲ್ ಎಸ್ಕಡ್ರಿಲ್’ನಲ್ಲಿ ವಾದಕರು, ಧ್ವಜದವರು, ನೃತ್ಯತಂಡ ಎಲ್ಲ ಸೇರಿ 600ಕ್ಕೂ ಮೀರಿ ಮಕ್ಕಳು, ಅಮೆರಿಕದ ಅತಿದೊಡ್ಡ ಹೈಸ್ಕೂಲ್ ಬ್ಯಾಂಡುಗಳಲ್ಲಿ ಇದೂ ಒಂದು. ಇಷ್ಟು ಜನರನ್ನು ನಡೆಸುವುದು ಸಂಗೀತಕ್ಕಿಂತ ಹೆಚ್ಚಾಗಿ ಸಾಗಣೆಯ ಕೆಲಸ. ದೊಡ್ಡ ಮಕ್ಕಳನ್ನು ಸೀಟಿಗಿಬ್ಬರಂತೆ ಕೂರಿಸಿದರೆ ಒಂದು ಹಳದಿ ಬಸ್ಸಿಗೆ 50ರೊಳಗೆ. ಹಾಗಾಗಿ ಹೊರ ಊರಿನ ಪಂದ್ಯಕ್ಕೆ ಹನ್ನೆರಡಕ್ಕೂ ಹೆಚ್ಚು ಬಸ್ಸು, ಡ್ರಮ್ಮು-ಸೂಸಫೋನಿಗೆ ಬೇರೆ ಲಾರಿ.

ಮೈದಾನದಲ್ಲಿ ಇನ್ನೊಂದು ತೊಡಕಿದೆ. ಫುಟ್‌ಬಾಲ್ ಮೈದಾನದ ಉದ್ದ 300 ಅಡಿ, ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಹೋಗುತ್ತದೆ. ಈ ತುದಿಯ ತುತ್ತೂರಿ ಆ ತುದಿಗೆ ಮುಟ್ಟಲು ಕಾಲು ಸೆಕೆಂಡಿಗೂ ಹೆಚ್ಚು ಬೇಕು. ನಿಮಿಷಕ್ಕೆ 120 ತಾಳದ ಗತಿಯಲ್ಲಿ ಒಂದು ತಾಳ ಅರ್ಧ ಸೆಕೆಂಡು, ಅಂದರೆ ಅರ್ಧ ತಾಳ ತಪ್ಪಿದ ಹಾಗೆ. ಕಿವಿಗೆ ಕೇಳಿದಂತೆ ನುಡಿಸಿದರೆ 600 ಜನರ ಬ್ಯಾಂಡು ಸೀಳಿ ಹೋಗುತ್ತದೆ. ಅದಕ್ಕೇ ಡ್ರಮ್ಮಿನವರನ್ನು ನಡುವಿನ ಹಿಂಬದಿಗೆ ನಿಲ್ಲಿಸುತ್ತಾರೆ. ಅವರು ಬ್ಯಾಂಡನ್ನು ಮುನ್ನಡೆಸುವ ಡ್ರಮ್ ಮೇಜರನ ಕೈ ನೋಡಿ ಹೊಡೆಯುತ್ತಾರೆ, ಮುಂದಿನವರು ಹಿಂದಿನಿಂದ ಬರುವ ಶಬ್ದವನ್ನು ಮಾತ್ರ ನಂಬುತ್ತಾರೆ. ಪಕ್ಕದಿಂದ ಬಂದದ್ದಕ್ಕೆ ಕಿವಿಗೊಡಬಾರದೆಂದು ಕಲಿಸುವುದಕ್ಕೆ ಆಗಸ್ಟ್ ತಿಂಗಳು ಪೂರ್ತಿ ಹೋಗುತ್ತದೆ.

70 ಅಂಕದ ಗೆರೆ

ಆಟವೂ ಬ್ಯಾಂಡೂ ಓದಿನ ಮೇಲೆ ನಿಂತಿವೆ, ಕಾನೂನಿನ ಬಲದಿಂದ. 1984ರಲ್ಲಿ ಗವರ್ನರ್ ಮಾರ್ಕ್ ವೈಟ್ ಕಾಲದಲ್ಲಿ, ಉದ್ಯಮಿ ರಾಸ್ ಪೆರೋ ಮುಂದಾಳುತನದ ಸಮಿತಿಯ ಶಿಫಾರಸಿನಿಂದ ಬಂದ ಸುಧಾರಣಾ ಕಾಯಿದೆಯಲ್ಲಿ ‘ಪಾಸಾಗದಿದ್ದರೆ ಆಟವಿಲ್ಲ’ ಎಂಬ ನಿಯಮ ಸೇರಿತು. ಊರೂರುಗಳಲ್ಲಿ ಗಲಾಟೆ ಎದ್ದಿತು, ಮೊಕದ್ದಮೆ ನಡೆಯಿತು. 1985ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು.

ಅದು ನಡೆಯುವ ಬಗೆ ಹೀಗೆ. ಅಂಕ ಕೊಡುವ ಅವಧಿ ಮುಗಿದಾಗ ಯಾವುದೇ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ, ಏಳು ದಿನದ ಗಡುವು ಕಳೆದ ಮೇಲೆ ಮಗು ಮೂರು ವಾರ ಸ್ಪರ್ಧೆಗೆ ಇಳಿಯುವಂತಿಲ್ಲ. ಅಭ್ಯಾಸಕ್ಕೆ ಬರಬಹುದು. ಮೂರು ವಾರದ ಕೊನೆಯಲ್ಲಿ ಎಲ್ಲ ವಿಷಯದಲ್ಲೂ ಪಾಸಿದ್ದರೆ ಮತ್ತೆ ಏಳು ದಿನ ಕಾದು ಸೇರಿಕೊಳ್ಳಬಹುದು. ಮೂರು ವಾರ ಎಂದರೆ ಕಡಿಮೆ ಅನ್ನಿಸೀತು. ಫುಟ್‌ಬಾಲಿನ ಲೀಗ್ ಹಂತವೇ 10 ಪಂದ್ಯ, ವಾರಕ್ಕೊಂದು. ಎಪಿ, ಆನರ್ಸ್‌ನಂಥ ಕಠಿಣ ತರಗತಿಗಳಿಗೆ ವಿನಾಯಿತಿ ಉಂಟು, ಆದರೆ ಯಾವುದಕ್ಕೆಂಬ ಪಟ್ಟಿಯನ್ನು ಮೊದಲೇ ಕೇಳಿ ಇಟ್ಟುಕೊಳ್ಳಬೇಕು. ಎಡವುವುದು ಹೆಚ್ಚಾಗಿ ಗಣಿತದಲ್ಲಲ್ಲ. ಕೊಡದೆ ಉಳಿಸಿಕೊಂಡ ಹೋಮ್‌ವರ್ಕಿಗೆ ಬಿದ್ದ ಸೊನ್ನೆಗಳಿಂದ. ಅಭ್ಯಾಸಕ್ಕೂ ಮಿತಿ ಇದೆ: ಶಾಲಾ ದಿನದ ಹೊರಗೆ ಒಂದು ಚಟುವಟಿಕೆಗೆ ವಾರಕ್ಕೆ ಎಂಟು ಗಂಟೆ. ಬ್ಯಾಂಡಿಗೂ ಇದೇ. ಪೂರ್ತಿ ಬಲದ ಡಿಕ್ಕಿಯ ಫುಟ್‌ಬಾಲ್ ಅಭ್ಯಾಸ 2013ರಿಂದ ವಾರಕ್ಕೆ 90 ನಿಮಿಷ.

ದೊಡ್ಡ ಶಾಲೆಯಿಂದ ಓದಿಗೆ ಆಗುವ ಲಾಭ ದೊಡ್ಡದು. ಒಂದು ವಿಷಯಕ್ಕೆ 20 ಮಕ್ಕಳು ಸೇರದಿದ್ದರೆ ಸಣ್ಣ ಶಾಲೆ ಆ ತರಗತಿಯನ್ನೇ ಕೈಬಿಡುತ್ತದೆ. 6 ಸಾವಿರ ಮಕ್ಕಳಿದ್ದರೆ ಬೇಕೆನ್ನುವ 20 ಜನ ಯಾವುದಕ್ಕೂ ಸಿಕ್ಕೇ ಸಿಗುತ್ತಾರೆ; ಎಪಿ ಜೊತೆಗೆ ಅಲೆನ್ ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮವನ್ನೂ ನಡೆಸುವುದು ಇದರಿಂದಲೇ. ರ‍್ಯಾಂಕಿನ ವಿಷಯದಲ್ಲಿ ಜನ ಸುಮ್ಮನೆ ಹೆದರುತ್ತಾರೆ. 1997ರ ಕಾನೂನಿನಂತೆ ತರಗತಿಯ ಮೊದಲ ಶೇ. 10ರಲ್ಲಿ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಮಾತ್ರ ಅದನ್ನು ಶೇ. 6ಕ್ಕೆ, 2026ರ ಪ್ರವೇಶದಿಂದ ಶೇ. 5ಕ್ಕೆ ಇಳಿಸಿದೆ. ಇದು ಶೇಕಡಾ ಲೆಕ್ಕ. 1,500 ಮಕ್ಕಳ ತರಗತಿ ಎಂದಿಟ್ಟುಕೊಂಡರೆ ಶೇ. 5 ಎಂದರೆ 75. ಅದನ್ನೇ ಮೂರು ಶಾಲೆಗೆ ಹಂಚಿದರೂ 25 ಮೂರಲ 75. ಕಡಿಮೆಯಾಗುವುದು ಒಂದೇ: ಮೊದಲ ರ‍್ಯಾಂಕಿನವರಿಗೆ ಸರ್ಕಾರಿ ಕಾಲೇಜಿನಲ್ಲಿ ಮೊದಲ ವರ್ಷದ ಬೋಧನಾ ಶುಲ್ಕದ ಮಾಫಿ ಇದೆ, ಅದು ಮೂರರ ಬದಲು ಒಬ್ಬರಿಗೆ.

ನಿಜವಾಗಿ ಹೆದರಬೇಕಾದ ಜಾಗ ಎರಡು. 2013ರ ಕಾನೂನಿನ ಪ್ರಕಾರ 22 ಕ್ರೆಡಿಟ್ (ಪಾಸಾದ ವಿಷಯಗಳ ಲೆಕ್ಕ) ಆದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಸಿಗುತ್ತದೆ. ಆದರೆ ಆ ನೇರ ಪ್ರವೇಶಕ್ಕೆ 26 ಕ್ರೆಡಿಟ್, ಆಯ್ದ ಒಂದು ವಿಭಾಗದಲ್ಲಿ ವಿಶೇಷವಾಗಿ ಓದಿದ್ದಕ್ಕೆ ಸಿಗುವ ಮೊಹರು (ಎಂಡಾರ್ಸ್‌ಮೆಂಟ್), ಆಲ್ಜಿಬ್ರಾ 2 ಕೂಡ ಬೇಕು. ಇದನ್ನು 9ನೇ ತರಗತಿಯಲ್ಲೇ ಕೌನ್ಸೆಲರ್ ಬಳಿ ಕೂತು ಬರೆಸಿಕೊಳ್ಳುವುದು ಒಳ್ಳೆಯದು. ಎರಡನೆಯದು ಹಾಜರಾತಿ: ತರಗತಿ ನಡೆದ ದಿನಗಳಲ್ಲಿ ಶೇ. 90 ಬರದಿದ್ದರೆ, ಅಂಕ ಎಷ್ಟೇ ಇರಲಿ, ಕ್ರೆಡಿಟ್ ತಡೆಹಿಡಿಯಬಹುದು. 85 ದಿನದ ಸೆಮಿಸ್ಟರಿನಲ್ಲಿ ತಪ್ಪಿಸಿಕೊಳ್ಳಬಹುದಾದದ್ದು 8 ದಿನ. ಡಿಸೆಂಬರಿನಲ್ಲಿ ಅಜ್ಜಿ ಮನೆಗೆಂದು ಬೆಂಗಳೂರಿಗೆ ಬಂದು ಸಂಕ್ರಾಂತಿ ಮುಗಿಸಿಕೊಂಡು ಹೋಗುವ ಮಕ್ಕಳ ಹೊಸ ಸೆಮಿಸ್ಟರಿನ ದಿನಗಳು ಹೊರಡುವ ಹೊತ್ತಿಗೇ ಬಹುಪಾಲು ಖಾಲಿ. ಇಲ್ಲಿಂದ ನಡುವೆ ಹೋಗಿ ಸೇರುವವರಿಗೆ ಇನ್ನೊಂದು ಮಾತು: ಆಟದ ಅರ್ಹತೆಗೆ ನಾಲ್ಕು ವರ್ಷ ಲೆಕ್ಕ ಶುರುವಾಗುವುದು 9ನೇ ತರಗತಿಗೆ ಮೊದಲ ಸಲ ಸೇರಿದ ದಿನದಿಂದ. ಅಲ್ಲಿಗೆ ಹೋಗಿ ಮತ್ತೆ 9ಕ್ಕೇ ಕೂತರೆ ಕೊನೆಯ ವರ್ಷ ತಂಡದಲ್ಲಿ ಜಾಗವಿರುವುದಿಲ್ಲ.

ಊರು ಗಡಿಯವರೆಗೂ ಕಟ್ಟಿ ಮುಗಿದ ಮೇಲೆ ಅಲೆನ್‌ನಲ್ಲಿ ಎಳೆಯ ಮಕ್ಕಳಿರುವ ಹೊಸ ಸಂಸಾರಗಳು ಕಡಿಮೆಯಾದವು. 2023ರಲ್ಲಿ ಜಿಲ್ಲೆ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಿತು. ಕೆಳಗಿನ ತರಗತಿಗಳು ತೆಳುವಾದದ್ದು ಕೆಲವೇ ವರ್ಷಗಳಲ್ಲಿ ಹೈಸ್ಕೂಲಿಗೂ ಬರುತ್ತದೆ. ಆಗ ಬ್ಯಾಂಡು ಒಂದೆರಡು ಸಾಲು ಬಿಟ್ಟುಕೊಟ್ಟೀತು, ಐಬಿಗೆ 20 ಮಕ್ಕಳನ್ನು ಹುಡುಕಬೇಕಾದೀತು. 18 ಸಾವಿರ ಆಸನಗಳನ್ನು ಮಾತ್ರ ಕಡಿಮೆ ಮಾಡಲು ಬರುವುದಿಲ್ಲ.